ಗರಗರದೊಳಗಿನ ಅರ್ಧ ನಿಮಿಷ

ಫಿನ್ಲೆಂಡಿನ ಕೆಮಿ ಊರಲ್ಲಿ ನಮ್ಮದೊಂದು ರೇಡಿಯೋ ಕೇಳುಗರ ಸಂಘವಿತ್ತು. ದೂರದ ನಿಲಯಗಳನ್ನು ಹಿಡಿದು, ಕೇಳಿಸಿದ್ದನ್ನು ವರದಿ ಬರೆದು ಕಳಿಸಿ, ‘ಹೌದು, ಅದು ನಮ್ಮದೇ’ ಎಂಬ ಖಾತ್ರಿ ಪತ್ರ ತರಿಸಿಕೊಳ್ಳುವುದೇ ನಮ್ಮ ಹವ್ಯಾಸ. ಅದರಲ್ಲಿದ್ದ ಹೆಂಗಸು ನಾನೊಬ್ಬಳೇ. ಬೆಳಗ್ಗೆ ಬೇಕರಿಯಲ್ಲಿ ಹಿಟ್ಟು ನಾದಿ, ಸಂಜೆ ಹೆಡ್‌ಫೋನ್ ಏರಿಸಿ ಕೂರುತ್ತಿದ್ದೆ. ೧೯೮೭ರ ಚಳಿಗಾಲದಲ್ಲಿ ಎಲ್ಲರೂ ಬೆನ್ನು ಹತ್ತಿದ್ದು ಆಫ್ರಿಕದ ಬಂಡುಕೋರರ ಒಂದು ಗುಟ್ಟಿನ ನಿಲಯವನ್ನು. ಅಲ್ಲಿನ ಸರ್ಕಾರ ಅದೇ ತರಂಗಾಂತರದಲ್ಲಿ ಯಂತ್ರದಿಂದ ಗರಗರ ಸದ್ದು ಬಿಟ್ಟು ಬಾಯಿ ಮುಚ್ಚಿಸುತ್ತಿತ್ತು.

ಸದ್ದು ಬಿಡುವವರು ಗಂಟೆಗೊಮ್ಮೆ, ನಿಲಯ ಇನ್ನೂ ಅಲ್ಲೇ ಇದೆಯೇ ಎಂದು ನೋಡಲು ಅರ್ಧ ನಿಮಿಷ ಯಂತ್ರ ನಿಲ್ಲಿಸುತ್ತಿದ್ದರು. ಆ ಅರ್ಧ ನಿಮಿಷದಲ್ಲಿ ಏನಾದರೂ ಕೇಳಿಸೀತೆಂದು ಹನ್ನೊಂದು ದಿನ ಕಾದೆ. ಕೊನೆಯ ದಿನ ಸಿಕ್ಕಿದ್ದಿಷ್ಟು: ಒಬ್ಬಳ ಕೆಮ್ಮು, ನಿಲಯದ ಹೆಸರಿನ ಅರ್ಧ, ಹುಂಜದ ಕೂಗು. ಅಷ್ಟನ್ನೇ ಬರೆದು, ವರದಿಯ ಉಳಿದ ಸಾಲುಗಳಲ್ಲಿ ‘ಬರೀ ಗರಗರ’ ಎಂದು ತುಂಬಿ, ಅವರ ಅಂಚೆಪೆಟ್ಟಿಗೆಗೆ ಕಳಿಸಿದೆ.

ಸಂಘದ ಅಧ್ಯಕ್ಷ ಟೌನೊ ನನ್ನ ವರದಿಯ ಪ್ರತಿಯನ್ನು ಎಲ್ಲರೆದುರು ಓದಿದ.

"ಅಲ್ಲಮ್ಮಾ ಹಿಲ್ಕಾ, ಸಂಜೆ ನಾಲ್ಕಕ್ಕೆ ಸ್ಟುಡಿಯೋದಲ್ಲಿ ಹುಂಜ ಕೂಗುತ್ತಾ? ನಿನ್ ಬೇಕರಿ ಹಿತ್ತಲಲ್ಲಿ ಕೂಗಿರ್ಬೇಕು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದೇ ದಿನ, ಅದೇ ಗಂಟೆಗೆ ಅವನು ಬರೆದ ವರದಿ ಎರಡು ಪುಟ ತುಂಬಿತ್ತು: ಸುದ್ದಿ, ಭಾಷಣ, ಹೋರಾಟದ ಹಾಡು.

"ಆ ಗರಗರದಲ್ಲಿ ಇಷ್ಟೆಲ್ಲಾ ಹೆಂಗ್ರೀ ಕೇಳಿಸ್ತು?" ಅಂದೆ.

"ಇಪ್ಪತ್ತು ವರ್ಷ ಪಳಗಿದ ಕಿವಿ ಕಣಮ್ಮಾ ಇದು."

ಸುಳ್ಳು ವರದಿ ಬರೆದವರಿಗೆ ಸಂಘದಲ್ಲಿ ಜಾಗವಿಲ್ಲ. ಏಪ್ರಿಲ್ ಒಳಗೆ ನಿಲಯದಿಂದ ಖಾತ್ರಿ ಪತ್ರ ಬಾರದಿದ್ದರೆ ನನ್ನನ್ನು ತೆಗೆದುಹಾಕುವುದೆಂದು ತೀರ್ಮಾನವಾಯಿತು. ಮನೆಗೆ ಹೋಗುವಾಗ ಕೋಪಕ್ಕೆ ಅಳುವೇ ಬಂತು.

ಏಪ್ರಿಲ್ ಮೊದಲ ಶನಿವಾರ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಸಂಘದ ವಿಳಾಸಕ್ಕೆ ಆ ನಿಲಯದಿಂದ ಎರಡು ಲಕೋಟೆ ಬಂದವು. ಟೌನೊ ತನ್ನದನ್ನು ಒಡೆದು ಓದಿ, ಸದ್ದಿಲ್ಲದೆ ಜೇಬಿಗೆ ಸೇರಿಸಲು ಹೊರಟ. ಪಕ್ಕದಲ್ಲಿದ್ದ ಕಾರ್ಯದರ್ಶಿ ಕಿತ್ತುಕೊಂಡು ಗಟ್ಟಿಯಾಗಿ ಓದಿದ: "ತಾವು ಬರೆದಿರುವುದು ನಮ್ಮ ಅಚ್ಚಾದ ವೇಳಾಪಟ್ಟಿ. ಆ ದಿನ ಅದರಲ್ಲಿ ಒಂದೂ ಪ್ರಸಾರವಾಗಲಿಲ್ಲ."

"ನಿಂದು ಓದು, ಹಿಲ್ಕಾ," ಅಂದರು ಎಲ್ಲರೂ.

ಎದ್ದು ನಿಂತು ಓದಿದೆ. "ಆ ದಿನ ಸ್ಟುಡಿಯೋ ಮೇಲೆ ಬಾಂಬು ಬಿದ್ದಿತ್ತು. ಒಬ್ಬ ರೈತನ ಮನೆಯಿಂದ ಮಾತಾಡಿದೆವು. ಹುಂಜ ಅವನದು, ಕೆಮ್ಮಿದವಳು ನಾನು. ನಮ್ಮ ದನಿ ಆ ಸದ್ದನ್ನು ದಾಟುತ್ತದೆಂದು ನಮಗೇ ನಂಬಿಕೆ ಇರಲಿಲ್ಲ. ನಿಮ್ಮ ಪತ್ರ ಬಂದ ದಿನ ಇಲ್ಲಿ ಎಲ್ಲರೂ ಕುಣಿದರು."

ನಾನು ಮತ್ತೊಮ್ಮೆ ಓದಿದೆ, ಇನ್ನೂ ಜೋರಾಗಿ.