ಇಪ್ಪತ್ತಮೂರು ಗೂಡುಗಳ ಒಡತಿ

ಅರವತ್ತೊಂದನೇ ವಯಸ್ಸಿನಲ್ಲಿ ಲಲಿತಮ್ಮ ಇಂಟರ್ನ್ ಆದಳು. ಮೈಸೂರಿನ ಹೈಸ್ಕೂಲೊಂದರಲ್ಲಿ ಮೂವತ್ತನಾಲ್ಕು ವರ್ಷ ಜೀವಶಾಸ್ತ್ರ ಕಲಿಸಿ, ನಿವೃತ್ತಳಾಗಿ, ಅದರ ಮರುವರ್ಷವೇ ಗಂಡನನ್ನು ಕಳೆದುಕೊಂಡು, ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿದ್ದ ಮಗಳ ಮನೆಗೆ ಬಂದವಳು ಅವಳು. ಅಲ್ಲಿ ಯಾವ ಕೊರತೆಯೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಮೊಸರಿನ ಡಬ್ಬಿ ಎಲ್ಲಿಡಲಿ ಎಂದು ಮಗಳನ್ನು ಕೇಳಬೇಕು, ಟಿ.ವಿ. ಹಾಕಲು ಮೊಮ್ಮಗಳು ಖುಷಿಯನ್ನು ಕರೆಯಬೇಕು. ಮಗಳೂ ಅಳಿಯನೂ ಒಳ್ಳೆಯವರೇ. ಒಳ್ಳೆಯವರ ಮನೆಯಲ್ಲಿ ಸುಮ್ಮನೆ ಕೂತಿರುವುದು ಇನ್ನೂ ಕಷ್ಟದ ಕೆಲಸ.

ಪಕ್ಕದ ಮನೆಯ ಇವ್ಲಿನ್ ಮಂಗಳೂರಿನವಳು. ಬೆಟ್ಟದ ಹಳ್ಳಿಗಳಲ್ಲಿ ಕಾಡುಜೇನು ಉಳಿಸುವ ಒಂದು ಚಿಕ್ಕ ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಎರಡು ತಿಂಗಳು ಹಳ್ಳಿಯಲ್ಲಿರಲು ಇಂಟರ್ನ್ ಬೇಕಾಗಿದ್ದಾರೆ, ಸಂಬಳವಿಲ್ಲ, ಊಟ ಮತ್ತು ಕೋಣೆ ಕೊಡುತ್ತೇವೆ ಎಂದು ಅವಳು ಮಾತಿಗೆ ಹೇಳಿದ್ದನ್ನು ಲಲಿತಮ್ಮ ಗಟ್ಟಿಯಾಗಿ ಹಿಡಿದುಕೊಂಡಳು.

"ಅಮ್ಮ, ಇಂಟರ್ನ್ ಅಂದ್ರೆ ಕಾಲೇಜು ಹುಡುಗ್ರು ಮಾಡೋದು," ಎಂದಳು ಮಗಳು.

"ನಾನೂ ಕಾಲೇಜಿಗೆ ಹೋಗಿದ್ದೆ ಕಣೆ," ಎಂದಳು ಲಲಿತಮ್ಮ. ಮಾತು ಅಲ್ಲಿಗೆ ಮುಗಿಯಿತು.

ರುಸ್ತಾಕ್ ಪಟ್ಟಣ ದಾಟಿದ ಮೇಲೆ ಟಾರು ರಸ್ತೆ ಮುಗಿದು, ಒಣಗಿದ ಹೊಳೆಯ ಬೆಣಚುಕಲ್ಲುಗಳ ಮೇಲೇ ಗಾಡಿ ಹೋಗುತ್ತದೆ. ಹೊಳೆ ಬಳಸಿಕೊಂಡು ಹೋದಲ್ಲಿ ಹಳ್ಳಿ. ನಲವತ್ತು ಮನೆ, ಖರ್ಜೂರದ ತೋಟ, ಆ ತೋಟದೊಳಗೆ ಹಗಲಿರುಳು ಹರಿಯುವ ಫಲಜ್ ಎಂಬ ಕಾಲುವೆ. ಸುತ್ತ ಬೆಟ್ಟ, ಒಂದು ಹುಲ್ಲಿಲ್ಲ. ಆದರೆ ಬುಡದಲ್ಲಿ ಸಿದ್ರ್ ಮರಗಳು ಹೂ ಬಿಟ್ಟು ನಿಂತಿದ್ದವು. ಲಲಿತಮ್ಮ ಎಲೆ ಮುಟ್ಟಿ, ಮುಳ್ಳು ಮುಟ್ಟಿ, ಇದು ನಮ್ಮ ಎಲಚಿಯ ಅಣ್ಣ ಎಂದು ತನ್ನಲ್ಲೇ ಹೇಳಿಕೊಂಡಳು. ಆ ಹೂವಿಗೆ ಬರುವುದೂ ಗುರುತಿನದೇ. ಕೊಂಬೆಗೆ ಅಂಗೈಯಗಲದ ಒಂದೇ ಜೇನುರೊಟ್ಟಿ ಕಟ್ಟುವ ಪುಟ್ಟ ಕೋಲುಜೇನು.

ಹೊರಗಿನವರು ಬಂದು ಪಾಠ ಹೇಳಬಾರದು, ಊರಿನವರೇ ಗೂಡು ಎಣಿಸಬೇಕು, ಯಾವುದನ್ನು ಕೊಯ್ಯಬೇಕು ಯಾವುದನ್ನು ಬಿಡಬೇಕು ಎಂದು ಅವರೇ ತೀರ್ಮಾನಿಸಬೇಕು ಎಂಬುದು ಸಂಸ್ಥೆಯ ಯೋಚನೆ. ಇಂಟರ್ನ್ ಅವರ ಜೊತೆ ನಡೆಯಬೇಕು, ಫಾರಂ ತುಂಬಬೇಕು, ಎಣಿಸಿದ ಗೂಡಿಗೆ ಗುರುತು ಹಾಕಬೇಕು. ಗುರುತಿಗೆಂದು ಇವ್ಲಿನ್ ಒಂದು ಕಟ್ಟು ಪ್ಲಾಸ್ಟಿಕ್ ಚೀಟಿ ಕೊಟ್ಟಿದ್ದಳು. ಬೆಟ್ಟದ ಮೇಲೆ ಪ್ಲಾಸ್ಟಿಕ್ ನೇತುಹಾಕಲು ಲಲಿತಮ್ಮನಿಗೆ ಮನಸ್ಸು ಬರಲಿಲ್ಲ. ತನ್ನದೊಂದು ಹಳೆಯ ಕೆಂಪು ಹತ್ತಿ ಸೀರೆಯನ್ನು ಗೇಣುದ್ದದ ಚೂರುಗಳಾಗಿ ಹರಿದು ಚೀಲದಲ್ಲಿಟ್ಟುಕೊಂಡಳು. ಆ ಜಾಣತನಕ್ಕೆ ತಾನೇ ಒಂದಿಷ್ಟು ಬೀಗಿದಳು ಕೂಡ.

ಗೂಡು ತೋರಿಸಲು ಜೊತೆಗೆ ಬಂದವಳು ಝುವೈನಾ. ಲಲಿತಮ್ಮನಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಗಂಡ ತೀರಿಕೊಂಡವಳು. ತುಂಬು ಬಸುರಿ ಮಗಳು ಶಂಸಾ ಹೆರಿಗೆಗೆಂದು ಅವಳ ಮನೆಗೆ ಬಂದಿದ್ದಳು. ಲಲಿತಮ್ಮನಿಗೆ ಅರಬ್ಬಿ ಬಾರದು, ಝುವೈನಾಳಿಗೆ ಅದು ಬಿಟ್ಟು ಬೇರೆ ಬಾರದು. ಅದರಿಂದ ಇಬ್ಬರಿಗೂ ಏನೂ ತೊಂದರೆಯಾದಂತೆ ಕಾಣಲಿಲ್ಲ.

ಬೆಳಿಗ್ಗೆ ಝುವೈನಾ ಕಾಲುವೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಜೇನುಹುಳ ನೀರು ಕುಡಿಯಲು ಬರುತ್ತಿತ್ತು. ಕುಡಿದು ಎದ್ದದ್ದು ಯಾವ ದಿಕ್ಕಿಗೆ ಹೋಯಿತೆಂದು ಆಕೆ ಹಣೆಗೆ ಕೈ ಅಡ್ಡ ಹಿಡಿದು ಬಿಸಿಲಿಗೆದುರಾಗಿ ನೋಡುತ್ತಿದ್ದಳು. ಸ್ವಲ್ಪ ದೂರ ನಡೆದು ಮತ್ತೆ ನಿಲ್ಲುವುದು, ಮತ್ತೊಂದು ಜೇನಿಗೆ ಕಾಯುವುದು. ಆತುರವೆಂಬುದು ಆ ಬೆಟ್ಟದಲ್ಲಿ ಇರಲೇ ಇಲ್ಲ. ಲಲಿತಮ್ಮ ಆಕೆಯ ಹಿಂದೆ ಹಿಂದೆ ನಡೆಯುತ್ತಿದ್ದಳು. ಕೆಲವು ಸಲ ಝೇಂಕಾರ ಹೊರಗಿನದೋ ತನ್ನ ಕಿವಿಯೊಳಗಿನದೋ ತಿಳಿಯುತ್ತಿರಲಿಲ್ಲ. ಮಧ್ಯಾಹ್ನ ಮರದ ನೆರಳಲ್ಲಿ ಕಣ್ಣು ಮುಚ್ಚಿದರೆ ಗಂಡ ಪಕ್ಕದಲ್ಲಿ ಪೇಪರು ಮಡಿಸುವ ಸದ್ದು ಕೇಳುತ್ತಿತ್ತು. ಕಣ್ಣು ತೆರೆದರೆ ಝುವೈನಾ ಖರ್ಜೂರದ ಬೀಜ ತೆಗೆದು ಅವಳಿಗಾಗಿ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದಳು. ಎರಡರಲ್ಲಿ ಯಾವುದು ಕನಸು ಎಂದು ಲಲಿತಮ್ಮ ಹೆಚ್ಚು ಯೋಚಿಸಲು ಹೋಗಲಿಲ್ಲ. ಅವಳು ಸುಖವಾಗಿದ್ದಳು. ಎಷ್ಟೋ ವರ್ಷಗಳ ಮೇಲೆ, ಕಾರಣ ಹುಡುಕದೆ, ಸುಖವಾಗಿದ್ದಳು.

ಮೊದಲ ಗೂಡು ಸಿಕ್ಕ ದಿನ ಅವಳು ಚೀಲದಿಂದ ಕೆಂಪು ಚೂರು ತೆಗೆದು ಗೂಡಿನ ಕೆಳಗಿನ ಕೊಂಬೆಗೆ ಕಟ್ಟಿದಳು. ಝುವೈನಾಳ ಕೈ ಅರೆಗಳಿಗೆ ಗಾಳಿಯಲ್ಲೇ ನಿಂತಿತು. ಲಲಿತಮ್ಮನ ಮುಖ ನೋಡಿದಳು. ಆಮೇಲೆ ನಕ್ಕು, ಗಂಟು ಸಡಿಲವಾಗಿದೆಯೆಂದು ತಾನೇ ಬಿಗಿ ಮಾಡಿ ಕೊಟ್ಟಳು. ಹೀಗೆ ಒಂದು ತಿಂಗಳಲ್ಲಿ ಝುವೈನಾ ಇಪ್ಪತ್ತಮೂರು ಗೂಡು ಹುಡುಕಿದಳು, ಲಲಿತಮ್ಮ ಇಪ್ಪತ್ತಮೂರು ಚೂರು ಕಟ್ಟಿದಳು. ಫಾರಮಿನಲ್ಲಿ 'ಹಕ್ಕುದಾರರು' ಎಂಬ ಒಂದು ಕಾಲಂ ಇತ್ತು. ಕಾಡುಜೇನಿಗೆ ಎಂಥ ಹಕ್ಕುದಾರರು ಎಂದು ಅಲ್ಲೆಲ್ಲ ನೀಟಾಗಿ ಗೆರೆ ಎಳೆದಳು.

ಒಂದು ದಿನ ಝುವೈನಾ ಮಗಳ ಹೊಟ್ಟೆ ತೋರಿಸಿ, ಬೆಟ್ಟ ತೋರಿಸಿ, ಬೆರಳನ್ನು ನಾಲಿಗೆಗೆ ಇಟ್ಟು ತೋರಿಸಿದಳು. ನಲವತ್ತು ಎಂದು ಬೆರಳಲ್ಲೇ ಎಣಿಸಿದಳು. ಬಾಣಂತಿಗೆ ನಲವತ್ತು ದಿನ ಬೆಟ್ಟದ ಜೇನು ತಿನ್ನಿಸಬೇಕೆಂದು ಲಲಿತಮ್ಮನಿಗೆ ಥಟ್ಟನೆ ಅರ್ಥವಾಯಿತು. ಬಹಳ ಒಳ್ಳೆಯದು ಎಂದು ತಲೆದೂಗಿದಳು. ಝುವೈನಾ ಸ್ವಲ್ಪ ಹೊತ್ತು ಕಾದಳು. ಲಲಿತಮ್ಮ ಮತ್ತೊಮ್ಮೆ ತಲೆದೂಗಿ, ನೋಟ್‌ಬುಕ್ ತೆಗೆದು ಬರೆದುಕೊಂಡಳು.

ಊರಲ್ಲಿ ಕನ್ನಡ ಬರುತ್ತಿದ್ದದ್ದು ಶಾಹುಲ್ ಹಮೀದನಿಗೆ ಮಾತ್ರ. ಉಪ್ಪಿನಂಗಡಿಯ ಬ್ಯಾರಿ, ಇಪ್ಪತ್ತೆರಡು ವರ್ಷದಿಂದ ಅಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದವನು. ನವೆಂಬರಿನ ಒಂದು ಮಧ್ಯಾಹ್ನ ಲಲಿತಮ್ಮ ಬಿಸ್ಕತ್ತಿಗೆಂದು ಹೋದಾಗ, ಝುವೈನಾಳ ಅಳಿಯ ಒಂದು ಬಾಟಲಿ ಜೇನು ಕೊಂಡು ಹೊರಟಿದ್ದ.

"ಈ ಊರಲ್ಲಿ ಅಂಗಡಿ ಜೇನು ಯಾಕೆ ಬೇಕು ಇವರಿಗೆ?" ಎಂದು ಕೇಳಿದಳು.

"ಹೆಂಡತಿ ಹೆತ್ತು ಮೂರು ದಿನ ಆಯ್ತಲ್ಲ ಟೀಚರೇ. ಈ ಸಲ ಅವರಿಗೆ ಬೆಟ್ಟದ್ದು ಇಲ್ಲ ಅಲ್ವಾ."

"ಇಲ್ವಾ? ಇಪ್ಪತ್ಮೂರು ಗೂಡು ನಾನೇ ಬರ್ದಿದೀನಿ."

"ಅದೇ ಅಲ್ವಾ. ಇಪ್ಪತ್ತಮೂರು ಸಹ ನಿಮ್ಮದು." ಶಾಹುಲ್ ತಕ್ಕಡಿ ಒರೆಸುತ್ತಲೇ ಹೇಳಿದ. "ಇಷ್ಟು ಜೇನು ನೀವು ಎಂತ ಮಾಡುದು ಅಂತ ನಾನೇ ಕೇಳ್ಬೇಕಂತಿದ್ದೆ."

ಲಲಿತಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಶಾಹುಲ್ ಬಟ್ಟೆ ಕೆಳಗಿಟ್ಟು ಬಿಡಿಸಿ ಹೇಳಿದ. ಇಲ್ಲಿ ಗೂಡು ಕಂಡವರು ಕೊಂಬೆಗೆ ಬಟ್ಟೆ ಕಟ್ಟುದು. ಕಟ್ಟಿದರೆ ಖಲಾಸ್, ಅದು ಅವರದ್ದು. ಅಪ್ಪ ಕಟ್ಟಿದ್ದನ್ನು ಮಗ ಸಹ ಕೇಳದೆ ಮುಟ್ಟುದಿಲ್ಲ.

"ನಂಗೆ ಯಾರೂ ಯಾಕೆ ಹೇಳ್ಲಿಲ್ಲ?"

"ನಿಮಗೆ ಗೊತ್ತುಂಟು ಅಂತ ನಾನು ಎಣಿಸಿದ್ದು. ಇವರಾ? ಮನೆಗೆ ಬಂದವರ ಹತ್ತಿರ ಕೇಳ್ಲಿಕ್ಕೆ ಇವರಿಗೆ ನಾಚಿಕೆ ಟೀಚರೇ."

ಗೆರೆ ಎಳೆದ ಇಪ್ಪತ್ತಮೂರು ಕಾಲಂಗಳು ಲಲಿತಮ್ಮನ ಕಣ್ಣಮುಂದೆ ಬಂದವು. ಹುಡುಕಿದವಳ ಎದುರೇ ನಿಂತು, ಹುಡುಕಿದ್ದೆಲ್ಲ ನನ್ನದು ಎಂದು ಗಂಟು ಹಾಕುತ್ತಾ ಬಂದಿದ್ದಳು. ಮಕ್ಕಳು ಕಾಪಿ ಹೊಡೆದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಟೀಚರು ಅವಳು.

"ಈಗ್ಲೇ ಬಿಚ್ಚಿಬಿಡ್ತೀನಿ," ಎಂದಳು.

"ಬಿಚ್ಚಿದರೆ ಸಾಲದು. ಬಿಚ್ಚಿದ್ದು ದಾರಿಯಲ್ಲಿ ಹೋಗುವವನಿಗೆ ಸಿಕ್ಕುತ್ತದೆ. ನೀವು ಅವರನ್ನೇ ಕರ್ಕೊಂಡು ಹೋಗಿ, ಅವರ ಹೆಸರು ಹೇಳಿ, ಕೈಗೆ ಕೊಡಬೇಕು." ಅವಳ ಮುಖ ನೋಡಿ ಶಾಹುಲ್ ಅಂಗಡಿಯ ಬಾಗಿಲು ಎಳೆದ. "ಯಲ್ಲಾ, ಹೋಗುವ, ನಾನೂ ಬರ್ತೇನೆ."

ಝುವೈನಾಳ ಮನೆಯಲ್ಲಿ ಕೂಸು ಮಲಗಿತ್ತು. ಶಂಸಾಳ ಹಾಸಿಗೆಯ ಪಕ್ಕ ಅಂಗಡಿಯ ಬಾಟಲಿ ಮುಚ್ಚಳ ತೆರೆಯದೆ ನಿಂತಿತ್ತು. ಝುವೈನಾ ಎಂದಿನಂತೆ ಖರ್ಜೂರ ತಂದಿಟ್ಟು ಕಾವಾ ಕಾಫಿ ಬಗ್ಗಿಸಿದಳು. ಅದು ಕುಡಿಯದೆ ಯಾವ ಮಾತನ್ನೂ ಎತ್ತುವ ಹಾಗಿಲ್ಲ. ಲಲಿತಮ್ಮ ಒಂದೇ ಗುಟುಕಿಗೆ ನುಂಗಿ, ಇನ್ನು ಸಾಕೆಂದು ಬಟ್ಟಲು ಅಲ್ಲಾಡಿಸಿ, ಶಾಹುಲನ ಮೂಲಕ ಎಲ್ಲ ಹೇಳಿದಳು. ಗೊತ್ತಿರಲಿಲ್ಲ ಎಂದಳು. ಮೂರು ಸಲ ಎಂದಳು. ಝುವೈನಾ ಗೋಡೆಯ ಮೊಳೆಯಿಂದ ಚಾಕು ತೆಗೆದುಕೊಂಡಳು, ಒಂದು ಖರ್ಜೂರದ ಗರಿಯ ದಿಂಡನ್ನು ಬಗಲಿಗಿಟ್ಟುಕೊಂಡಳು.

ಹೂವಿನ ಕಾಲ ಮುಗಿದಿತ್ತು. ಮೊದಲ ಗೂಡಿನಲ್ಲಿ ಜೇನಿರಲಿಲ್ಲ, ಹುಳವೂ ಇರಲಿಲ್ಲ. ಕೂಡಿಟ್ಟದ್ದನ್ನು ತಾವೇ ತಿಂದು ಅವು ಎದ್ದು ಹೋಗಿದ್ದವು, ಬಿಳಿಯ ಮೇಣ ಉಳಿದಿತ್ತು. ಸಮಯಕ್ಕೆ ಸರಿಯಾಗಿ ಮೇಲಿನ ಜೇನಷ್ಟೇ ಕೊಯ್ದು, ಮರಿಗಳಿರುವ ರೊಟ್ಟಿಯನ್ನು ಸೀಳಿದ ದಿಂಡಿನಲ್ಲಿ ಸಿಕ್ಕಿಸಿ ಅದೇ ಕೊಂಬೆಗೆ ಕಟ್ಟಿದರೆ ಹುಳ ನಿಲ್ಲುತ್ತವೆಯಂತೆ. ಈ ಸಲ ಹಾಗೆ ಕೊಯ್ದು ಕಟ್ಟುವ ಹಕ್ಕು ಲಲಿತಮ್ಮನ ಹೊರತು ಯಾರಿಗೂ ಇರಲಿಲ್ಲ. ಎರಡನೆಯದೂ ಖಾಲಿ, ಮೂರನೆಯದೂ ಖಾಲಿ. ಖಾಲಿ ಗೂಡಿನ ಬಟ್ಟೆಯನ್ನೂ ಲಲಿತಮ್ಮ ಬಿಡದೆ ಬಿಚ್ಚಿ, ಝುವೈನಾ ಎಂದು ಹೆಸರು ಹೇಳಿ ಆಕೆಯ ಕೈಗಿಟ್ಟಳು. ಸೂರ್ಯ ಬೆಟ್ಟದ ಮೇಲಿಂದ ಜಾರುತ್ತಿದ್ದ. ಕಲ್ಲುಗಳು ಬಿಸಿ ಉಸಿರು ಬಿಡುತ್ತಿದ್ದವು, ಮೂವರೂ ನೀರಿನೊಳಗೆ ನಡೆಯುವವರ ಹಾಗೆ ನಿಧಾನವಾಗಿ ಮರದಿಂದ ಮರಕ್ಕೆ ಹೋದರು.

ಹತ್ತೊಂಬತ್ತನೆಯ ಮರದಲ್ಲಿ ಝೇಂಕಾರವಿತ್ತು.

ಲಲಿತಮ್ಮ ಬಟ್ಟೆ ಬಿಚ್ಚಿದಳು. ಹೆಸರು ಹೇಳಿ ಕೊಟ್ಟಳು. ಝುವೈನಾ ಹುಳಗಳ ಮೇಲೆ ಮೆಲ್ಲಗೆ ಉಸಿರೂದಿ, ಮೇಲಿನ ಭಾಗವನ್ನಷ್ಟೇ ಕೊಯ್ದು, ಉಳಿದದ್ದನ್ನು ದಿಂಡಿಗೆ ಸಿಕ್ಕಿಸಿ ಹಿಂದಕ್ಕೆ ಕಟ್ಟಿದಳು. ಆಮೇಲಿನ ನಾಲ್ಕು ಗೂಡುಗಳೂ ಖಾಲಿ. ಒಟ್ಟು ಸಿಕ್ಕಿದ್ದು ಒಂದು ಬಟ್ಟಲು, ನಲವತ್ತು ದಿನಕ್ಕೆ ಎಲ್ಲಿಗೂ ಸಾಲದು.

ಮನೆಗೆ ಬಂದು ಝುವೈನಾ ಮಗಳ ಬಾಯಿಗೆ ಮೊದಲ ಚಮಚ ಇಟ್ಟಳು. ಶಂಸಾ ಕಣ್ಣು ಮುಚ್ಚಿ ತಿಂದಳು.

"ಕೇಳಿ ಇವರನ್ನ," ಎಂದಳು ಲಲಿತಮ್ಮ ಶಾಹುಲನಿಗೆ. "ಇವರ ಕಣ್ಣೆದುರೇ ಕಟ್ತಿದ್ದೆ. ಮಗಳಿಗೆ ಬೇಕು ಅಂತ ಗೊತ್ತಿದ್ದೂ ಯಾಕೆ ತಡೀಲಿಲ್ಲ?"

ಝುವೈನಾ ಚಮಚ ತುಂಬುತ್ತಲೇ ನಿಧಾನವಾಗಿ ಮಾತಾಡಿದಳು.

"ಏನಂದ್ರು ಹೇಳಿ."

"ಅವರು ಹೇಳುದು," ಎಂದ ಶಾಹುಲ್, ನೆಲ ನೋಡುತ್ತಾ, "ನೀವು ಒಂದು ಚೀಲ ಹಿಡ್ಕೊಂಡು ಬಂದವರು. ಇಲ್ಲಿ ನಿಮ್ಮದು ಅಂತ ಒಂದು ಮರ ಇಲ್ಲ, ಒಂದು ಮೇಕೆ ಇಲ್ಲ. ಆ ಮೊದಲನೇ ಬಟ್ಟೆ ಕಟ್ಟುವಾಗ ನಿಮ್ಮ ಮುಖ ನೋಡಿದ್ರಂತೆ. ಅಷ್ಟು ಸಂತೋಷ ಇತ್ತಂತೆ ಅದರಲ್ಲಿ. ಪಾಪ, ಒಂದಾದರೂ ಇವಳದ್ದು ಅಂತ ಇರಲಿ ಅಂತ ಸುಮ್ಮನಾದ್ರಂತೆ. ಮತ್ತೆ ಎರಡನೆಯದಕ್ಕೆ ಬೇಡ ಅಂತ ಹೇಗೆ ಹೇಳುದು ಅಂತ ಗೊತ್ತಾಗ್ಲಿಲ್ಲವಂತೆ."

ಲಲಿತಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗಂಡ ಹೋದಾಗಲೂ ಜನರೆದುರು ಹಾಗೆ ಅತ್ತವಳಲ್ಲ. ಶಂಸಾ ಗಾಬರಿಯಾಗಿ ಅಮ್ಮನನ್ನು ನೋಡಿದಳು. ಝುವೈನಾ ಬಟ್ಟಲಿನ ಅಂಚಿಗೆ ಚಮಚ ಒರೆಸಿ, ಹತ್ತಿರ ಸರಿದು, ಲಲಿತಮ್ಮನ ಸೆರಗು ಸರಿಸಿ, ಬಾಣಂತಿಗೆ ತಿನ್ನಿಸಿದ ಹಾಗೆಯೇ ಅವಳ ಬಾಯಿಗೂ ಒಂದು ಚಮಚ ಇಟ್ಟಳು.