ಅರವತ್ತೊಂದನೆಯ ದೀಪ

ಸೂರ್ಯನಿಗೂ ಒಂದು ನಂಬರು ಕೊಟ್ಟು ನನ್ನ ತಂತಿಗೆ ಕಟ್ಟಿಹಾಕಿದವನು ನಾನು. ನಾನು ಗುಂಡಿ ಒತ್ತುವವರೆಗೆ ಎರಡು ದಿನ ಅವನು ಬೆಟ್ಟದ ಹಿಂದೆ ಕೈಕಟ್ಟಿ ಕಾದಿದ್ದ. ಅಂಥ ನನಗೆ ನಮ್ಮ ನಾಟಕಮಂದಿರದ ನೂರಿಪ್ಪತ್ತು ದೀಪಗಳು ಯಾವ ಲೆಕ್ಕ?

ಮೊದಲು ಅವನ್ನೆಲ್ಲ ಹಿಡಿಕೆ ಎಳೆದು ನಡೆಸುತ್ತಿದ್ದವರು ನನ್ನ ಭಾವ, ಅಕ್ಕನ ಗಂಡ. ಇಪ್ಪತ್ತೆರಡು ವರ್ಷದ ಚಾಕರಿ. ಅವರ ಮನೆಯಲ್ಲೇ ಉಂಡು ಬೆಳೆದವನು ನಾನು. ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದವರೂ ಅವರೇ. ಮೂರನೇ ದಿನದಿಂದ ನಾನೇ ಅವರಿಗೆ ಕಲಿಸತೊಡಗಿದೆ ಅನ್ನಿ. ಹೊಸ ಯಂತ್ರ ಬಂದಾಗ ಮಾಲೀಕರು ಹೇಳಿಬಿಟ್ಟರು: ಇನ್ನು ದೀಪಕ್ಕೆ ಒಬ್ಬ ಸಾಕು, ಯಾರೆಂದು ಮೊದಲ ಪ್ರದರ್ಶನ ಮುಗಿದ ಮೇಲೆ ನೋಡೋಣ.

ದೀಪಗಳೆಲ್ಲ ಈಗ ಒಂದೇ ತಂತಿಯ ಮೇಲೆ. ಒಂದೊಂದಕ್ಕೂ ಒಂದು ನಂಬರು, ಭಾವ ಮತ್ತು ನಾನು ಹಂಚಿಕೊಂಡು ಕೊಟ್ಟದ್ದು. ಹೊಸ ಯಂತ್ರವಿರುವ ಮೇಜಿನಿಂದ ಆ ನಂಬರು ಕರೆದರೆ ಆ ದೀಪ ಮಾತ್ರ ಕಣ್ಣು ಬಿಡಬೇಕು. ನಂಬರು ಕೊಟ್ಟವನು ಅದನ್ನು ಬಿಳಿ ಟೇಪಿನ ಮೇಲೆ ಬರೆದು ದೀಪದ ಬೆನ್ನಿಗೆ ಅಂಟಿಸುವುದು ನಮ್ಮ ಕಸುಬಿನ ರೂಢಿ. ನಾನು ಅದರ ಕೆಳಗೆ ಸಹಿಯನ್ನೂ ಹಾಕುತ್ತಿದ್ದೆ, ಉದ್ದ ಬಾಲ ಸುತ್ತಿ. ನಾಳೆ ವಸ್ತುಸಂಗ್ರಹಾಲಯದವರು ಹುಡುಕಿಕೊಂಡು ಬಂದರೆ ಗುರುತು ಬೇಡವೇ?

ಆ ಮೊದಲ ಪ್ರದರ್ಶನ ನಡೆದದ್ದು ಮಧ್ಯಾಹ್ನ. ನಾಯಕಿ ಸಾಯುವ ದೃಶ್ಯ. ಕತ್ತಲಲ್ಲಿ ಅವಳ ಮಂಚದ ಮೇಲಿನ ಸಣ್ಣ ದೀಪವೊಂದೇ ಹತ್ತಬೇಕು, ಅರವತ್ತೊಂದನೆಯದು. ಹತ್ತಿತು. ಜೊತೆಗೇ ಸಭಿಕರ ನೆತ್ತಿಯ ಮೇಲಿದ್ದ ದೊಡ್ಡ ದೀಪವೂ ಹತ್ತಿ, ಮುಂದಿನ ಸಾಲಿನಲ್ಲಿ ಬಾಯಿ ಬಿಟ್ಟು ಗೊರಕೆ ಹೊಡೆಯುತ್ತಿದ್ದ ಮಾಲೀಕರನ್ನು ಊರಿಗೆಲ್ಲ ತೋರಿಸಿತು. ಜನ ನಕ್ಕ ಅಬ್ಬರಕ್ಕೆ ಸತ್ತ ನಾಯಕಿ ಎದ್ದು ಕೂತಳು.

ಪರದೆ ಬಿದ್ದ ಕೂಡಲೇ ಮಾಲೀಕರು ಮೇಜಿನ ಬಳಿ ಬಂದು, ಆ ದೊಡ್ಡ ದೀಪಕ್ಕೆ ನಂಬರು ಕೊಟ್ಟವರು ಯಾರು ಎಂದರು. ನನ್ನ ನಾಲಗೆ ನನಗಿಂತ ಮುಂಚೆ ಹೊರಟಿತು. ಭಾವ ಎಂದೆ. ಭಾವ ನನ್ನ ಮುಖವನ್ನು ಒಮ್ಮೆ ನೋಡಿದರು.

"ಇರಬಹುದು" ಎಂದಷ್ಟೇ ಹೇಳಿ, ಇಕ್ಕಳವನ್ನು ಚೀಲಕ್ಕೆ ಹಾಕಿಕೊಂಡು ನಡೆದರು.

ಎಂಟು ದಿನವಾಯಿತು. ಇವತ್ತು ಬೆಳಗ್ಗೆ ಹೊಸ ತಂಡದವರಿಗೆ ಸೂರ್ಯನ ಕಥೆ ಹೇಳುತ್ತಿದ್ದೆ; ಮಾಲೀಕರೂ ಪಕ್ಕದಲ್ಲಿದ್ದರು. ಅಷ್ಟರಲ್ಲಿ ಅಕ್ಕ ಬಂದಳು. ಅವಳು ಇದೇ ಮಂದಿರದ ಪರದೆ ಹೊಲಿಯುವವಳು. ಸಿಕ್ಕಿಕೊಂಡ ಹಗ್ಗ ಬಿಡಿಸಲು ಏಣಿ ಹತ್ತಿದ್ದಳಂತೆ. ದೊಡ್ಡ ದೀಪದ ಬೆನ್ನಿನಿಂದ ಕಿತ್ತ ಟೇಪನ್ನು ತಂದು ನನ್ನ ಅಂಗೈಗೆ ಒತ್ತಿ ಅಂಟಿಸಿದಳು. ಅರವತ್ತೊಂದು. ಕೆಳಗೆ ಬಾಲ.

"ಈ ಬಾಲ ಯಾರದಪ್ಪಾ?" ಎಂದಳು. "ಉಂಡ ಮನೆ ಜಂತೆ ಎಣಿಸೋರನ್ನ ನೋಡಿದ್ದೆ. ನೀನು ಜಂತೆನೇ ಕಿತ್ಕೊಂಡು ಹೋದೆ. ನಿನ್ನ ಭಾವ ಈಗ ಎಲ್ಲೋ ಗೇಟ್ ಕಾಯ್ತಿದಾರೆ."

ನನ್ನ ಸಹಿಯನ್ನು ಜಗತ್ತೇ ನಕಲು ಮಾಡುತ್ತದೆ ಎನ್ನಲು ಬಾಯಿ ತೆರೆದೆ. ಮಾಲೀಕರು ನನ್ನ ಕೈ ಹಿಡಿದು ಟೇಪು ಓದುತ್ತಿದ್ದರು.

"ನಾನೇ ಕೊಟ್ಟಿದ್ದು" ಎಂದೆ. "ಎರಡಕ್ಕೂ ಒಂದೇ ನಂಬರು. ದೀಪ ಹತ್ತಿದ ಗಳಿಗೇಲೇ ನಂಗೆ ಗೊತ್ತಾಯ್ತು. ಭಾವ ಆ ಏಣಿನೇ ಹತ್ತಿರ್ಲಿಲ್ಲ. ನೀವು ಒಬ್ಬ ಸಾಕು ಅಂದಿದ್ರಲ್ಲ, ಅದಕ್ಕೇ ಅವರ ಹೆಸರು ಹೇಳಿದೆ."