ಜೀರಿಗೆ ಕಟ್ಟಿದ ಪ್ರಕಟಣೆ

ಸಿದ್ದಲಿಂಗವ್ವನವರು ಲಿಂಗೈಕ್ಯರಾದ ಸುದ್ದಿ ಅಂಗಡಿಗೆ ಬಂದದ್ದು ಶ್ರಾವಣದ ಎರಡನೆಯ ಸೋಮವಾರ, ಬೆಳಗಿನ ಹತ್ತು ಗಂಟೆಯ ಸುಮಾರಿಗೆ. ಅವರ ಗಂಡ ಹುಚ್ಚೀರಪ್ಪನವರು ಆಗ ಗಿರಾಕಿಯೊಬ್ಬರಿಗೆ ಅರ್ಧ ಕಿಲೋ ಅವಲಕ್ಕಿ ತೂಗುತ್ತಿದ್ದರು. ಗದಗಿನ ಆಸ್ಪತ್ರೆಯಿಂದ ಮಗ ವೀರು ಫೋನು ಮಾಡಿದ್ದ. "ಅಪ್ಪಾ, ಅವ್ವ ಹೋದ್ಳು" ಎಂದಷ್ಟೇ ಹೇಳಿದ. ಹುಚ್ಚೀರಪ್ಪನವರು ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾದರು. ಅವಲಕ್ಕಿಯನ್ನು ಪುಡಿಕೆ ಕಟ್ಟಿ ಕೊಟ್ಟರು. ಹಣೆಯ ವಿಭೂತಿಯನ್ನು ಒಮ್ಮೆ ಮುಟ್ಟಿಕೊಂಡು ಅಂಗಡಿಯ ಬಾಗಿಲು ಹಾಕಿದರು. ನಲವತ್ತೊಂದು ವರ್ಷ ಜೊತೆಗೆ ಬಾಳಿದ ಹೆಂಡತಿ.

ಊರು ಲಕ್ಷ್ಮೇಶ್ವರಕ್ಕೂ ಮುಂಡರಗಿಗೂ ನಡುವಿನ ಒಂದು ಸಣ್ಣ ಪಟ್ಟಣ. ಅಲ್ಲಿಗೊಂದು ಪಟ್ಟಣ ಪಂಚಾಯಿತಿ. ಆರನೆಯ ವಾರ್ಡಿನ ಜನ ತಮ್ಮವರನ್ನು ಮಣ್ಣು ಮಾಡುವ ರುದ್ರಭೂಮಿ ಊರ ಹೊರಗೆ, ಡಾಂಬರು ರಸ್ತೆಯನ್ನು ಬಿಟ್ಟು ಇನ್ನೂರು ಹೆಜ್ಜೆ ಒಳಗಿದೆ. ಆ ಇನ್ನೂರು ಹೆಜ್ಜೆಯೇ ಕಷ್ಟ. ಎರೆಮಣ್ಣಿನ ನೆಲ. ಮಳೆಗಾಲದಲ್ಲಿ ಕಾಲು ಹಿಡಿದರೆ ಬಿಡುವುದಿಲ್ಲ.

ಮರುದಿನ ಸಿದ್ದಲಿಂಗವ್ವನವರನ್ನು ಹೆಗಲ ಮೇಲೆ ಹೊರುವ ಬಿದಿರಿನ ವಿಮಾನದಲ್ಲಿ ಕುಳ್ಳಿರಿಸಿ, ಭಜನೆ ಹೇಳುತ್ತ ಕರೆದೊಯ್ದರು. ಹೊಂಬಳದಿಂದ ಮಗಳು, ಬೆಳ್ಳಟ್ಟಿಯಿಂದ ತವರಿನವರು ಬಂದಿದ್ದರು. ಜಿಟಿಜಿಟಿ ಮಳೆ ಹಿಡಿದಿತ್ತು. ಡಾಂಬರು ಮುಗಿದು ಹತ್ತು ಹೆಜ್ಜೆ ಹೋಗುವುದರಲ್ಲಿ, ಮುಂದೆ ಹೆಗಲು ಕೊಟ್ಟಿದ್ದ ನೆರೆಮನೆಯ ಹೊಳೆಯಪ್ಪನ ಕಾಲು ಮೊಳಕಾಲಿನವರೆಗೆ ಹೂತಿತು. ವಿಮಾನ ಒಂದು ಕಡೆ ವಾಲಿತು. ಅದರೊಳಗೆ ಕುಳ್ಳಿರಿಸಿದ್ದ ದೇಹವೂ ವಾಲಿತು. ಹುಚ್ಚೀರಪ್ಪನವರು ಕೈ ಮೇಲೆತ್ತಿ ಹೆಂಡತಿಯ ಭುಜವನ್ನು ಹಿಡಿದುಕೊಂಡರು. ಉಳಿದ ದಾರಿಯನ್ನು ಹಾಗೆ ಹಿಡಿದುಕೊಂಡೇ ನಡೆದರು. ಪೂಜೆಗೆಂದು ತಂದಿದ್ದ ಎರಡು ಕೊಡ ನೀರಿನಲ್ಲಿ ಒಂದು ಕೆಸರಿಗೆ ಚೆಲ್ಲಿಹೋಯಿತು. ಅಯ್ಯನವರು ಉಳಿದ ನೀರಿನಲ್ಲಿಯೇ ವಿಧಿ ಮುಗಿಸಿದರು. ಕೈಕಾಲು ತೊಳೆಯಲು ಅಲ್ಲಿ ಹನಿ ನೀರಿಲ್ಲ. ಜನರೆಲ್ಲ ಕೆಸರುಗಾಲಿನಲ್ಲಿಯೇ ಊರೊಳಗೆ ಬಂದು ಹಿಟ್ಟಿನ ಗಿರಣಿಯ ಮುಂದಿನ ನಳಕ್ಕೆ ಸಾಲುಗಟ್ಟಿ ನಿಂತರು.

"ತಪ್ಪು ತಿಳೀಬ್ಯಾಡ್ರಿ ಕಾಕಾ, ಕಾಲು ಹುಗದಬಿಡ್ತು" ಎಂದ ಹೊಳೆಯಪ್ಪ.

"ನಿಂದೇನು ತಪ್ಪೋ ಮಾರಾಯ. ದಾರಿನ ಹಂಗ ಐತಿ."

ದಾರಿ ಹಾಗಿರುವುದರಲ್ಲಿ ತಮ್ಮದೂ ಒಂದು ಪಾಲಿದೆ ಎಂಬುದನ್ನು ಹುಚ್ಚೀರಪ್ಪನವರು ಅವನಿಗೆ ಹೇಳಲಿಲ್ಲ.

ಹಿಂದಿನ ಡಿಸೆಂಬರಿನ ಮಾತು. ಸಿದ್ದಲಿಂಗವ್ವನವರು ಅಂಗಡಿಯಲ್ಲಿ ಕುಳಿತು ಪುಡಿಕೆ ಕಟ್ಟಲು ಪೇಪರು ಹರಿಯುತ್ತಿದ್ದರು. ಒಂದು ಹಾಳೆಯಲ್ಲಿ ಪಟ್ಟಣ ಪಂಚಾಯಿತಿಯ ಪ್ರಕಟಣೆ ಕಂಡಿತು. ಮುಂದಿನ ವರ್ಷದ ಆಯವ್ಯಯಕ್ಕೆ ಸಾರ್ವಜನಿಕರು ಸಲಹೆ ಕೊಡಬೇಕು ಎಂದು ಬರೆದಿತ್ತು. ಆ ಹಾಳೆಯನ್ನು ಮಡಚಿ ತಕ್ಕಡಿಯ ಕೆಳಗಿಟ್ಟರು.

"ಏನ್ರಿ, ರುದ್ರಭೂಮಿ ದಾರಿದು ಒಂದು ಅರ್ಜಿ ಬರದು ಕೊಡ್ರಿ. ಮಳಿಗಾಲದಾಗ ಹೊತ್ತವರ ಪಾಡು ನೋಡಾಕ ಆಗೂದಿಲ್ಲ."

"ಬಿಡ್ತು ಅನ್ನು. ಹಬ್ಬ ಮುಂದ ಇಟ್ಕೊಂಡು ಎಂಥಾ ಮಾತು ಆಡತಿ" ಎಂದು ಹುಚ್ಚೀರಪ್ಪನವರು ಸಿಡುಕಿದರು. "ಕೇಳೂದಾದ್ರ ಬೀದಿ ದೀಪ ಕೇಳೋಣು, ಗುಡಿ ಮುಂದ ಫರಸಿ ಕೇಳೋಣು. ಸುಡಗಾಡು ಬೇಕಂತ ಯಾರರ ಕೇಳತಾರೇನು?"

ಸಿದ್ದಲಿಂಗವ್ವನವರು "ಬಿಡ್ತು" ಎಂದರು. ಅಷ್ಟರಲ್ಲಿ ಗಿರಾಕಿ ಬಂದ. ಹುಚ್ಚೀರಪ್ಪನವರು ತಕ್ಕಡಿಯ ಕೆಳಗಿನ ಹಾಳೆಯನ್ನೇ ಎಳೆದು ನೂರು ಗ್ರಾಮ್ ಜೀರಿಗೆ ಕಟ್ಟಿಕೊಟ್ಟರು.

ಆ ವಾರ್ಡಿನಲ್ಲಿ ಎಲ್ಲರದೂ ಇದೇ ರೀತಿ. ರುದ್ರಭೂಮಿಯ ಮಾತನ್ನು ಮಣ್ಣಿಗೆ ಹೋದ ದಿನ ಮಾತ್ರ ಆಡುತ್ತಿದ್ದರು. ಮನೆಗೆ ಬಂದು ಸ್ನಾನ ಮಾಡಿದರೆ ಮಾತು ಮುಗಿಯಿತು. ಇನ್ನೊಂದು ದಿನ ಯಾರಾದರೂ ಎತ್ತಿದರೆ ಬಿಡ್ತು ಅನ್ನಿಸುತ್ತಿದ್ದರು.

ಮತ್ತೆ ಡಿಸೆಂಬರ್ ಬಂತು. ಎದುರು ಸಾಲಿನಲ್ಲಿ ಬಳೆ ಅಂಗಡಿ ಇಟ್ಟುಕೊಂಡಿರುವ ಶಮಶಾದಬಿ ಒಂದು ಪೇಪರು ಹಿಡಿದುಕೊಂಡು ಬಂದಳು. ಸಿದ್ದಲಿಂಗವ್ವನವರೂ ಅವಳೂ ಹದಿನಾಲ್ಕು ವರ್ಷ ಒಂದೇ ಸ್ವಸಹಾಯ ಸಂಘದಲ್ಲಿದ್ದವರು.

"ಅಣ್ಣಾರ, ಪಂಚಾಯ್ತಿ ಪ್ರಕಟಣೆ ಬಂದೈತಿ ನೋಡ್ರಿ. ಇದರಾಗ ಜೀರಗಿ ಕಟ್ಟಬ್ಯಾಡ್ರಿ ಮತ್ತ."

ಹುಚ್ಚೀರಪ್ಪನವರು ತಲೆಯೆತ್ತಿದರು. "ನಿನಗ ಯಾರು ಹೇಳಿದ್ರು?"

"ಅಕ್ಕನ ಹೇಳಿದ್ಳು. ನಮ್ಮ ಸಾಹುಕಾರ್ರು ರುದ್ರಭೂಮಿನ ಜೀರಗಿ ಜೋಡಿ ಕಟ್ಟಿ ಕಳಿಸಿದ್ರು ಅಂತ ಸಂಘದಾಗ ನಕ್ಕೋತ ಹೇಳಿದ್ಳು."

ಹುಚ್ಚೀರಪ್ಪನವರು ತಕ್ಕಡಿಯ ತಟ್ಟೆಯನ್ನು ಒರೆಸಿಟ್ಟರು. ಆಮೇಲೆ, "ಹೇಳಿದ್ರ ಯಾರು ಕೇಳತಾರವಾ ತಂಗಿ. ಮೆಂಬರ್ರು ಮೊದಲ ಬರದು ಮುಗಿಸಿರತಾರ. ನಮ್ಮನ್ನ ಕರಿಯೂದು ಚಾ ಕುಡಿಸಿ ಫೋಟೋ ತಗಸ್ಕೊಳ್ಳಾಕ" ಎಂದರು.

"ಚಾ ಕುಡಿಸ್ತಾರ, ಖರೆ. ಕುಡದು ಸುಮ್ನ ಎದ್ದು ಬಂದ್ರ ಅದು ನಮ್ಮ ತಪ್ಪು. ನಿಮ್ಮ ಅಂಗಡಿಗೆ ಒಬ್ಬಾಂವ ಬರತಾನ, ಏನೇನು ಬೇಕಂತ ಯಾದಿ ಬರದು ಕೊಡೂದಿಲ್ಲ, ಬಾಯಿನೂ ತಗಿಯೂದಿಲ್ಲ. ಮನಿಗೆ ಹೋಗಿ, ಹುಚ್ಚೀರಪ್ಪ ನನಗ ಸಕ್ಕರಿ ಕೊಡಲಿಲ್ಲ ಅಂತ ಬೈತಾನ. ನೀವೇನಂತೀರಿ ಅವಂಗ?"

"ತಲಿ ಕೆಟ್ಟೈತಿ ಅಂತೇನಿ."

"ಬಜೆಟ್ ಅಂದ್ರ ಪಂಚಾಯ್ತಿ ಯಾದಿರಿ. ಏಪ್ರಿಲ್ ಒಂದರಿಂದ ಮುಂದ ಒಂದು ವರ್ಷ ಊರಾಗ ಏನೇನು ಕೆಲಸ ಮಾಡಬೇಕು, ಅದಕ್ಕ ಎಲ್ಲಿಂದ ರೊಕ್ಕ ತರಬೇಕು ಅಂತ ಮೊದಲ ಬರದಿಡತಾರ. ಬರಿಯೂಕಿಂತ ಮುಂಚೆ ಮಂದಿನ್ನ ಕರದು ಕೇಳತಾರ. ಪೂರ್ವಭಾವಿ ಸಭೆ ಅಂತ ಪೇಪರ್‌ನಾಗ ಹಾಕ್ಯಾರಲ್ಲ, ಅದ ಇದು. ಬರದು ಮುಗದ ಮ್ಯಾಲ ಹೋಗಿ ಅತ್ತರ, ಮುಂದಿನ ವರ್ಷ ನೋಡೋಣ್ರಿ ಅಂತಾರ."

"ಕೇಳಿದ್ದೆಲ್ಲಾ ಕೊಡತಾರೇನು?"

"ಎಲ್ಲಿಂದ ಕೊಡತಾರ. ನಾವು ಖಬರಸ್ತಾನಕ್ಕ ಮೂರು ಕೇಳಿದ್ವಿ, ಒಂದು ಕೊಟ್ರು. ನಳ. ಅದೂ ಎರಡನೇ ವರ್ಷಕ್ಕ. ಆದ್ರ ನಮ್ಮ ಮಾವ ತೀರಿಕೊಂಡಾಗ ಮಂದಿ ಅಲ್ಲೇ ಕೈಕಾಲು ತೊಳಕೊಂಡು ಬಂದ್ರು."

"ಆದ್ರೂ ಶುಭದ ಸಭಾದಾಗ ಇಂಥಾ ಮಾತು" ಎಂದು ಹುಚ್ಚೀರಪ್ಪನವರು ಎಳೆದರು.

ಅಂಗಡಿಯ ಕಟ್ಟೆಯ ಮೇಲೆ ಚಹಾಪುಡಿಗೆ ಬಂದು ಕುಳಿತಿದ್ದ ಉಡಚವ್ವ ಇದನ್ನೆಲ್ಲ ಕೇಳುತ್ತಿದ್ದಳು. ಎಂಬತ್ತೆರಡು ವರ್ಷದ ಮುದುಕಿ, ಓಣಿಗೆಲ್ಲ ಹಿರಿಯಳು.

"ಹುಚ್ಚೀರಾ, ಬಿಡ್ತು ಬಿಡ್ತು ಅನ್ನಕೋತ ನಮ್ಮ ಓಣ್ಯಾಗ ಸಾಯೂದು ಬಿಟ್ಟಾರೇನು? ಮುಂದಿನ ಪಾಳಿ ನಂದ. ಸಿದ್ದಲಿಂಗವ್ವ ಕಡ್ಡಿ ಹಂಗ ಇದ್ಳು, ಆಕಿನ್ನ ಹೊತ್ತವರ ಮುಗ್ಗರಿಸಿದ್ರು. ನನ್ನ ಮೈ ನೋಡು ಇಲ್ಲೆ. ನನ್ನ ಹೊತ್ತ ನಾಲ್ಕೂ ಮಂದಿನ್ನ ನನ್ನ ಬಾಜೂಕ ಹುಗಿಬೇಕಾದೀತು."

ಶಮಶಾದಬಿ ಬಾಯಿಗೆ ಸೆರಗು ಹಿಡಿದಳು. ಹುಚ್ಚೀರಪ್ಪನವರಿಗೂ ನಗೆ ಬಂತು. ಶ್ರಾವಣದಿಂದ ಈಚೆಗೆ ಆ ಅಂಗಡಿಯಲ್ಲಿ ಯಾರೂ ನಕ್ಕಿರಲಿಲ್ಲ.

ಅಂದು ಸಂಜೆ ಸೊಸೆ ಶೈಲಾ ಅರ್ಜಿ ಬರೆದಳು. ಶಮಶಾದಬಿ ಪಕ್ಕದಲ್ಲಿ ಕುಳಿತು ಹೇಳಿಕೊಟ್ಟಳು. "ವಾರ್ಡ್ ನಂಬರ್ ಹಾಕವಾ. ಅನುಕೂಲ ಮಾಡಿಕೊಡಬೇಕು ಅಂತಷ್ಟ ಬರೀಬ್ಯಾಡ, ಅದು ಯಾರಿಗೂ ತಿಳಿಯೂದಿಲ್ಲ. ಎಲ್ಲಿಂದ ಎಲ್ಲಿತನಕ ದಾರಿ, ನಳ ಎಲ್ಲಿ, ಅದನ್ನ ಬರಿ. ಎರಡು ಪ್ರತಿ ಮಾಡು. ಒಂದು ಅವರಿಗೆ ಕೊಡೂದು. ಇನ್ನೊಂದರ ಮ್ಯಾಲ ಕಚೇರಿ ಸಿಕ್ಕಾ ಹೊಡಿಸಿ ತಾರೀಖು ಹಾಕಿಸ್ಕೊಂಡು ಮನ್ಯಾಗ ಇಟ್ಕೊಳ್ಳೂದು."

ಮರುದಿನ ಬೆಳಿಗ್ಗೆ ಹುಚ್ಚೀರಪ್ಪನವರು ಒಬ್ಬರೇ ರುದ್ರಭೂಮಿಗೆ ಹೋದರು. ಹೆಂಡತಿಯ ಗದ್ದುಗೆಗೆ ಬಿಲ್ವಪತ್ರೆ ಏರಿಸಿ, ಅಲ್ಲಿಂದ ಡಾಂಬರು ರಸ್ತೆಯವರೆಗೆ ಹೆಜ್ಜೆ ಎಣಿಸುತ್ತ ಬಂದರು. ಆಮೇಲೆ ಸಹಿಗಾಗಿ ಓಣಿ ತಿರುಗಿದರು. ಹೊಳೆಯಪ್ಪ ಮೊದಲ ಸಹಿ ಹಾಕಿದ. ಮೂವತ್ತು ಮನೆಯವರು ಹಾಕಿದರು. ಗುಡಿ ಕಮಿಟಿಯ ಮೈಲಾರಲಿಂಗಪ್ಪ ಮಾತ್ರ ಕಾಗದವನ್ನು ಕೈಯಲ್ಲಿ ಹಿಡಿಯಲೂ ಒಪ್ಪಲಿಲ್ಲ. "ಮಗನ ಲಗ್ನ ಗೊತ್ತಾಗೇತ್ರಿ ಸಾಹುಕಾರ್ರ. ಇದನ್ನ ಹೊಸ್ತಲ ಒಳಗ ತರಬ್ಯಾಡ್ರಿ" ಎಂದ.

ಸಭೆ ನಡೆದದ್ದು ಪಂಚಾಯಿತಿಯ ಸಭಾಭವನದಲ್ಲಿ. ಐವತ್ತು ಜನ ಸೇರಿದ್ದರು. ಒಬ್ಬರು ಗಟಾರ ಕೇಳಿದರು, ಒಬ್ಬರು ದೀಪ ಕೇಳಿದರು. ಮೈಲಾರಲಿಂಗಪ್ಪ ಗುಡಿಯ ದಾರಿಗೆ ಒಂದು ಕಮಾನು ಕೇಳಿ ಕುಳಿತ. ಹುಚ್ಚೀರಪ್ಪನವರ ಸರದಿ ಬಂತು. ಎದ್ದು ನಿಂತರು.

"ಆರನೇ ವಾರ್ಡಿನ ರುದ್ರಭೂಮಿಗೆ ದಾರಿ ಬೇಕ್ರಿ. ಒಂದು ನಳ ಬೇಕು, ಒಂದು ದೀಪ ಬೇಕು."

"ಬಿಡ್ತು ಅನ್ರಿ" ಎಂದ ಮೈಲಾರಲಿಂಗಪ್ಪ, ಕುಳಿತಲ್ಲಿಂದಲೇ. "ಹೊಸಾ ವರ್ಷದ ಕೆಲಸಕ್ಕ ಕುಂತೇವಿ."

"ಅನ್ನೂದಿಲ್ರಿ" ಎಂದರು ಹುಚ್ಚೀರಪ್ಪನವರು. ದನಿ ಏರಿಸಲಿಲ್ಲ. "ಹೋದ ವರ್ಷ ನನ್ನ ಹೆಂಡ್ತಿ ಇದ ಮಾತು ಆಡಿದ್ಳು. ನಾನ ಬಿಡ್ತು ಅನ್ನಿಸಿದೆ. ಎಂಟು ತಿಂಗಳಿಗೆ ಆಕಿನ್ನ ಅದ ಕೆಸರಿನಾಗ ಒಯ್ದ್ವಿ. ಬೀಳಬಾರದಂತ ನಾ ಕೈಲೆ ಹಿಡಕೊಂಡು ಹೋದೆ. ಬಿಡ್ತು ಅಂದ್ರೂ ಸಾವು ಬಂತ್ರಿ. ದಾರಿ ಅಷ್ಟ ಬರಲಿಲ್ಲ."

ಲೆಕ್ಕ ವಿಭಾಗದ ಅಧಿಕಾರಿಯೊಬ್ಬರು ತಮ್ಮ ಕಡತವನ್ನು ತಿರುವಿ ನೋಡಿ, "ನಾ ಈ ಊರಿಗೆ ಬಂದು ಏಳು ವರ್ಷ ಆತು. ಆ ವಾರ್ಡಿನಿಂದ ರುದ್ರಭೂಮಿ ಬಗ್ಗೆ ಬೇಡಿಕೆ ಬಂದದ್ದು ಇದ ಮೊದಲು" ಎಂದರು.

ಮುಖ್ಯಾಧಿಕಾರಿಗಳು, "ದಾರಿ ಎಷ್ಟು ಉದ್ದ ಆಗ್ತದೆ? ನೀರಿನ ಪೈಪು ಎಲ್ಲಿವರೆಗೆ ಇದೆ?" ಎಂದು ಕೇಳಿದರು.

"ಇನ್ನೂರಾ ಹನ್ನೊಂದು ಹೆಜ್ಜಿ. ಪೈಪು ಹಿಟ್ಟಿನ ಗಿರಣಿತನಕ ಐತ್ರಿ."

ಅವರು ಬರೆದುಕೊಂಡರು. ಅರ್ಜಿ ಒಪ್ಪಿಸುವ ಮೊದಲು, ಚಹಾ ಕುಡಿಯುವಾಗ, ಮೈಲಾರಲಿಂಗಪ್ಪ ಹತ್ತಿರ ಬಂದ. "ಕೊಡ್ರಿ ಇಲ್ಲೆ ಆ ಕಾಗದ" ಎಂದ. ಗೋಡೆಗೆ ಹಿಡಿದು ಸಹಿ ಹಾಕಿ, "ನಮ್ಮವ್ವನೂ ಅಲ್ಲೇ ಅದಾಳ" ಎಂದು ಹೇಳಿ ಹೊರಟುಹೋದ.

ಮಾರ್ಚಿನಲ್ಲಿ ಆಯವ್ಯಯ ಮಂಜೂರಾಯಿತು. ಪ್ರತಿಯನ್ನು ಕಚೇರಿಯ ಫಲಕಕ್ಕೆ ಅಂಟಿಸಿದ್ದರು. ಹುಚ್ಚೀರಪ್ಪನವರು ಸಾಲಿಗೊಂದು ಬೆರಳಿಟ್ಟು ಓದಿದರು. ಆರನೆಯ ವಾರ್ಡಿನ ರುದ್ರಭೂಮಿಗೆ ಗರಸುಕಲ್ಲು ಹಾಕಿ ಗಟ್ಟಿ ಮಾಡಿದ ದಾರಿ ಇತ್ತು. ನಳ ಇತ್ತು. ದೀಪ ಇರಲಿಲ್ಲ. ಕಮಾನೂ ಇರಲಿಲ್ಲ. ಅದರ ಒಂದು ನಕಲು ತೆಗೆಸಿ ತಂದು, ಮಡಚಿ, ತಕ್ಕಡಿಯ ಕೆಳಗೆ ಇಟ್ಟರು.

"ಯಾದಿಯೊಳಗ ಬಂತು. ಇನ್ನ ಕೆಲಸ ಆಗೂತನಕ ತಿಂಗಳಿಗೊಮ್ಮೆ ಹೋಗಿ ಕೇಳಕೋತ ಇರಬೇಕ್ರಿ" ಎಂದಳು ಶಮಶಾದಬಿ. "ದೀಪಕ್ಕ ಮುಂದಿನ ಡಿಸೆಂಬರ್."

"ಮಳಿ ಹಿಡಿಯೂದ್ರಾಗ ಮಾಡಸ್ರಿ ಮತ್ತ" ಎಂದಳು ಉಡಚವ್ವ. "ಅಲ್ಲೀತನಕ ನಾ ಹೆಂಗರ ಮಾಡಿ ತಡಕೋತೇನಿ."

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೆ, ಅಕ್ಕತಂಗಿಯರೆ, ನಿಮ್ಮ ಊರಿನ ಪಂಚಾಯಿತಿ, ಪುರಸಭೆ ಅಥವಾ ನಗರಸಭೆಯ ಆಯವ್ಯಯವೂ ಪ್ರತಿ ವರ್ಷ ತಯಾರಾಗುತ್ತದೆ. ಅದಕ್ಕೆ ಮೊದಲು ನಿಮ್ಮನ್ನು ಕೇಳುವ ಪ್ರಕಟಣೆ ಕಚೇರಿಯ ಫಲಕದಲ್ಲಿಯೋ ಪೇಪರಿನಲ್ಲಿಯೋ ಬರುತ್ತದೆ. ಬಂದಿಲ್ಲವಾದರೆ ಕಚೇರಿಗೆ ಹೋಗಿ, ಸಭೆ ಯಾವಾಗ ಎಂದು ಕೇಳಿರಿ. ಸಭೆಗೆ ನೀವೂ ಹೋಗಿ, ಮನೆಯ ಹೆಣ್ಣುಮಕ್ಕಳನ್ನೂ ಕರೆದೊಯ್ಯಿರಿ. ನೆರೆಯವರ ಸಹಿ ಮಾಡಿಸಿ ಬರೆದು ಕೊಡಿರಿ. ಒಂದು ಪ್ರತಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿರಿ. ಬಾಯಲ್ಲಿ ಆಡಲು ಹಿಂಜರಿಯುವ ಬೇಡಿಕೆ ಯಾವುದೋ, ಬಹುಶಃ ಅದನ್ನೇ ಯಾರೂ ಈವರೆಗೆ ಕೇಳಿರಲಿಕ್ಕಿಲ್ಲ. ಈ ವರ್ಷ ಅದನ್ನು ನೀವು ಕೇಳಿರಿ.

ಕೇಳಬೇಕೆಂದು ಮೊದಲು ಹೇಳಿದ ಸಿದ್ದಲಿಂಗವ್ವನವರು ಆ ಯಾದಿಯನ್ನು ನೋಡಲಿಲ್ಲ. ಶಿವನೇ, ಆ ತಾಯಿಯನ್ನು ನಿನ್ನ ಪಾದದ ಬಳಿ ಇರಿಸಿಕೋ. ಅವರ ಆತ್ಮಕ್ಕೆ ಶಾಂತಿ ಕೊಡು.